ಮಡಿ ಮನೆಯ ಬೆಕ್ಕು

ಬೆಕ್ಕನ್ನು ಸಾಕುವುದೂ ಒಂದು ವಿದ್ಯೆಯೆ, ಅದನ್ನು ಕುರಿತು ಲೇಖನ ಬೇರೆ ಬರೆಯಬೇಕೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳಿಯಾರು. ಹಸುವನ್ನು ಸಾಕಬೇಕಾದರೆ ಹುಲ್ಲು, ಹಿಂಡಿ, ಕೊಟ್ಟಿಗೆಗಳ ಚಿಂತೆಯುಂಟು. ನಾಯಿಯನ್ನು ಸಾಕಬೇಕಾದರೆ ಸರಪಣಿ ಬೇಕು, ಶಿಕ್ಷಣ ಬೇಕು. ಬೆಕ್ಕಾದರೋ ತಾನಾಗಿ ಬರುತ್ತದೆ, ತಾನಾಗಿ ಇರುತ್ತದೆ, ಮನಸ್ಸು ಬಂದಾಗ ತಾನಾಗಿ ಹೋಗುತ್ತದೆ. ನಮ್ಮ ಹಿರಿಯರ ಮನೆಗಳಲ್ಲಿ ಬೆಕ್ಕು ಇದ್ದಿತೇ ಹೊರತು ಅದನ್ನು ಇಂಥವರು ಸಾಕಿದರೆಂದು ಹೇಳುವಂತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಒಂದು ತೆಂಗಿನ ಕರಟ. ಹಾಲು ಕಾಯಿಸಿದ ಪಾತ್ರೆಯ ತಳದಲ್ಲಿ ಉಳಿದದ್ದು, ಊಟದ ಕೊನೆಗೆ ಎಲೆಯಲ್ಲಿ ಮಿಕ್ಕ ಒಂದು ತುತ್ತು ಮೊಸರನ್ನ, ಇಷ್ಟು ಅದರ ಪಾಲು. ಇಷ್ಟರಿಂದಲೇ ಅದು ದುಂಡಗೆ ಬೆಳೆದು, ಅಟ್ಟದ ಮೇಲೆ ಮರಿ ಹಾಕಿ, ಆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಮೂಲೆಯಿಂದ ಮೂಲೆಗೆ ಸಾಗಿಸುತ್ತ, ಸುಖವಾಗಿ ಸಂಸಾರ ಮಾಡಿಕೊಂಡಿತ್ತು. ಹೀಗಿರುವಲ್ಲಿ ಬೆಕ್ಕಿನ ಆರೈಕೆಯೆಂಬುದು ಹೊಸಗಾಲದವರ ಚೋದ್ಯವೆಂದು ತೋರುವುದು ಸಹಜವೇ.

ಆದರೆ ಮನೆಯವರ ಕಣ್ಣಿಗೆ ಬೀಳುತ್ತಿದ್ದುದು ಕರಟದ ಲೆಕ್ಕವೊಂದೇ. ಅಟ್ಟದ ಮೇಲೆ, ಕಣಜದ ಹಿಂದೆ, ಹಿತ್ತಲಿನ ಸೌದೆಯ ಒಟ್ಟಿಲಿನಲ್ಲಿ ರಾತ್ರಿಯೆಲ್ಲ ನಡೆಯುತ್ತಿದ್ದ ಇನ್ನೊಂದು ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಬೆಕ್ಕನ್ನು ನಿಜವಾಗಿ ಸಾಕುತ್ತಿದ್ದವು ಇಲಿ, ಹಲ್ಲಿ, ಗುಬ್ಬಚ್ಚಿಗಳು. ಹಾಲು ಮೊಸರನ್ನಗಳು ಅದಕ್ಕೆ ಊಟದ ಮೇಲಣ ತಾಂಬೂಲವಿದ್ದಂತೆ. ಬೆಕ್ಕು ಮನುಷ್ಯನ ಹತ್ತಿರಕ್ಕೆ ಬಂದುದು ಹಾಲಿನ ಆಸೆಯಿಂದಲ್ಲ. ಪಶ್ಚಿಮ ಏಷ್ಯದ ಜನರು ಬೇಸಾಯ ಕಲಿತು ಧಾನ್ಯವನ್ನು ಕೂಡಿಡತೊಡಗಿದಾಗ ಧಾನ್ಯಕ್ಕೆ ಇಲಿಗಳು ಬಂದವು, ಇಲಿಗಳ ಹಿಂದೆ ಕಾಡುಬೆಕ್ಕು ಬಂದಿತು ಎಂಬುದು ವಿದ್ವಾಂಸರ ಅಭಿಪ್ರಾಯ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಒಂದು ಬೆಕ್ಕನ್ನೂ ಹೂಳಿದ್ದುದು ಕಂಡುಬಂದಿದೆ. ಈ ಸಂಗತಿ ಪ್ರಕಟವಾದುದು 2004ರಲ್ಲಿ. ಅಷ್ಟು ಹಳೆಯ ಸ್ನೇಹಕ್ಕೆ ಮೂಲ ಇಲಿಯೇ.

ಇಂದಿನ ಮನೆಗಳಲ್ಲಾದರೋ ಅಟ್ಟವಿಲ್ಲ, ಕಣಜವಿಲ್ಲ. ತಾರಸಿ ಸಿಮೆಂಟಿನದು, ಕಿಟಕಿಗೆ ಸೊಳ್ಳೆಯ ಜಾಲರಿ, ಅಕ್ಕಿ ಬೇಳೆಗಳು ಬಿಗಿಮುಚ್ಚಳದ ಡಬ್ಬಗಳಲ್ಲಿ. ಮೂರನೆಯ ಅಂತಸ್ತಿನಲ್ಲಿ ಬಾಗಿಲು ಹಾಕಿಕೊಂಡಿರುವ ಮನೆಯ ಬೆಕ್ಕಿಗೆ ಒಡೆಯನು ಹಾಕಿದ್ದೇ ಅನ್ನ. ಇನ್ನೊಂದು ಲೆಕ್ಕವೇ ಇಲ್ಲ. ಅಂಥ ಬೆಕ್ಕಿಗೂ ಅಜ್ಜಿಯ ಕಾಲದ ಕರಟವನ್ನೇ ಮುಂದಿಟ್ಟು "ಆಗಿನ ಬೆಕ್ಕುಗಳು ಇದರಿಂದಲೇ ಬದುಕಲಿಲ್ಲವೆ?" ಎನ್ನುವುದು ಅರ್ಧ ಲೆಕ್ಕವನ್ನು ಪೂರ್ಣವೆಂದು ತಿಳಿದ ಹಾಗೆ. ಮಾಂಸಾಹಾರಿಗಳ ಮನೆಯಲ್ಲಿ ಈ ತೊಡಕು ದೊಡ್ಡದಲ್ಲ. ನಮ್ಮಂಥ ಶಾಕಾಹಾರಿಗಳ ಮನೆಯಲ್ಲಿ, ಅದರಲ್ಲಿಯೂ ಈರುಳ್ಳಿ ಬೆಳ್ಳುಳ್ಳಿಗಳು ಸಹ ಒಲೆಯ ಹತ್ತಿರ ಸುಳಿಯದ ಮನೆಯಲ್ಲಿ, ಇದು ಧರ್ಮಸಂಕಟವೇ ಸರಿ. ಅದನ್ನು ಕುರಿತು ನನ್ನ ಅನುಭವಕ್ಕೆ ಬಂದುದನ್ನು ಗೃಹಸ್ಥರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟವನು. ಹಳೆಯ ಕಸುಬಿನ ಚಪಲ. ಯಾವ ಪದಾರ್ಥ ಎದುರಿಗೆ ಬಂದರೂ ಮೊದಲು ಅದರ ಹೆಸರನ್ನು ಬಿಡಿಸಿ ನೋಡುವ ಅಭ್ಯಾಸ. 'ಮಾರ್ಜಾರ' ಎಂಬುದು ಶುದ್ಧಿಮಾಡು ಎಂಬ ಅರ್ಥದ 'ಮೃಜ್' ಧಾತುವಿನಿಂದ ಬಂದುದು. ತನ್ನ ಮೈಯನ್ನು ಸದಾ ತಾನೇ ಶುಚಿಮಾಡಿಕೊಳ್ಳುವ ಪ್ರಾಣಿಯೆಂದು ಭಾವ. ಬೆಕ್ಕಿಗೆ ಇನ್ನೊಂದು ಹೆಸರು 'ಆಖುಭುಕ್', ಇಲಿಯನ್ನು ತಿನ್ನುವುದು. ಒಂದು ಹೆಸರು ಅದರ ಮಡಿಯನ್ನು ಹೇಳಿದರೆ ಇನ್ನೊಂದು ಅದರ ಊಟವನ್ನು ಹೇಳುತ್ತದೆ. ಹುಟ್ಟುವೈರವುಳ್ಳ ಪ್ರಾಣಿಗಳ ಹೆಸರುಗಳನ್ನು ಸಮಾಸ ಮಾಡಿದರೆ ಅದು ಏಕವಚನದಲ್ಲಿ ನಿಲ್ಲಬೇಕೆಂದು ಪಾಣಿನಿಯ ಸೂತ್ರವೊಂದಿದೆ. ಅದಕ್ಕೆ ಕಾಶಿಕಾವೃತ್ತಿ ಕೊಡುವ ಉದಾಹರಣೆಗಳಲ್ಲಿ ಬೆಕ್ಕು ಇಲಿಗಳ ಜೋಡಿಯೂ ಒಂದು. ಲೋಕದಲ್ಲಿ ಎಂದಿಗೂ ಕೂಡದವರನ್ನು ವ್ಯಾಕರಣವು ಒಂದೇ ವಚನದಲ್ಲಿ ಕೂಡಿಸಿಬಿಟ್ಟಿತೆಂದು ಹೇಳಿ ನಾನು ತರಗತಿಯಲ್ಲಿ ಹುಡುಗರನ್ನು ನಗಿಸುತ್ತಿದ್ದುದುಂಟು.

ಹಿತೋಪದೇಶದ ದೀರ್ಘಕರ್ಣನೆಂಬ ಬೆಕ್ಕಿನ ಕಥೆಯನ್ನು ಬಲ್ಲವರು ಬಹಳ. ಹಕ್ಕಿಗಳು ವಾಸಮಾಡಿದ್ದ ಮರದ ಪೊಟರೆಯಲ್ಲಿ ಜರದ್ಗವನೆಂಬ ಮುದಿ ಹದ್ದು ಇದ್ದಿತು. ಅದರ ಬಳಿಗೆ ಬಂದ ದೀರ್ಘಕರ್ಣನು ತಾನು ನಿತ್ಯವೂ ಗಂಗಾಸ್ನಾನ ಮಾಡುವವನೆಂದೂ, ಮಾಂಸವನ್ನು ಬಿಟ್ಟವನೆಂದೂ, ಚಾಂದ್ರಾಯಣ ವ್ರತದಲ್ಲಿರುವವನೆಂದೂ ಹೇಳಿ ನಂಬಿಸಿ, ಪೊಟರೆಯಲ್ಲಿ ಸೇರಿಕೊಂಡು ಹಕ್ಕಿಮರಿಗಳನ್ನೆಲ್ಲ ತಿಂದುಹಾಕಿತು. ಅಪರಾಧ ಹೊತ್ತು ಸತ್ತದ್ದು ಹದ್ದು. ಕಪಟ ಸನ್ಯಾಸಿಗೆ ಬೆಕ್ಕಿನ ಹೆಸರು ಅಂಟಿಕೊಂಡಿರುವುದು ಇಂಥ ಕಥೆಗಳಿಂದಲೇ. ಆದರೆ ಕಥೆಯ ತಿರುಳನ್ನು ಗಮನಿಸಬೇಕು. ದೀರ್ಘಕರ್ಣನ ಕಪಟ ಯಾವುದು? ಬೆಕ್ಕಾಗಿದ್ದು ಹಕ್ಕಿಯನ್ನು ತಿಂದದ್ದಲ್ಲ. ಬೆಕ್ಕಾಗಿದ್ದೂ ತಾನು ನಿರಾಮಿಷಾಹಾರಿಯೆಂದು ಹೇಳಿಕೊಂಡದ್ದು. ಕಥೆಯಲ್ಲಿ ಬೆಕ್ಕು ತಾನಾಗಿ ಹೇಳಿದ ಆ ಸುಳ್ಳನ್ನೇ ಇಂದು ಎಷ್ಟೋ ಮನೆಗಳಲ್ಲಿ ಬೆಕ್ಕಿನ ಪರವಾಗಿ ಮನುಷ್ಯರು ಹೇಳುತ್ತಿದ್ದಾರೆ.

ನಾಲ್ಕು ವರ್ಷಗಳ ಹಿಂದೆ ನಮ್ಮ ಮಗಳು ಉದ್ಯೋಗದ ನಿಮಿತ್ತ ಪರಸ್ಥಳಕ್ಕೆ ಹೋಗಬೇಕಾಗಿ ಬಂತು. ಅಲ್ಲಿ ಅವಳಿಗೆ ದೊರೆತ ಬಾಡಿಗೆಯ ಮನೆಯಲ್ಲಿ ಪ್ರಾಣಿಗಳಿಗೆ ಅವಕಾಶವಿರಲಿಲ್ಲ. ಎರಡು ವರ್ಷದ ಗಂಡು ಬೆಕ್ಕೊಂದನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಮೈಸೂರಿಗೆ ಬಂದಿಳಿದಳು. ಬೂದು ಮೈ, ಬಿಳಿಯ ಎದೆ, ಹೆಸರು ಸೋಮ. ಜೊತೆಗೆ ಒಂದು ಚೀಲ: ಮರಳಿನ ಟ್ರೇ, ಬಾಚಣಿಗೆ, ಲಸಿಕೆಗಳ ಪುಸ್ತಕ, ಮೀನು ಬೆರೆಸಿದ ಆಹಾರದ ಪೊಟ್ಟಣಗಳು. "ಅಪ್ಪ, ಇವನಿಗೆ ಇದನ್ನೇ ಕೊಡಿ. ಪಾಪ ಅಂತ ಮೊಸರನ್ನ ಕಲಸಿ ಹಾಕಬೇಡಿ" ಎಂದು ನನಗೆ ಹೇಳಿ, ತಾಯಿಯ ಮುಖ ನೋಡುವ ಧೈರ್ಯವಿಲ್ಲದೆ ಬುಟ್ಟಿಯ ಬಾಗಿಲನ್ನು ತೆರೆದಳು.

ನನ್ನ ಮನೆಯಾಕೆ ಮಡಿವಂತಳು. ಆಚಾರವನ್ನು ಇನ್ನೊಬ್ಬರ ಮೇಲೆ ಹೇರುವವಳಲ್ಲ, ತನ್ನದನ್ನು ಬಿಡುವವಳೂ ಅಲ್ಲ. ಪೊಟ್ಟಣದ ಮೇಲಿನ ಮೀನಿನ ಚಿತ್ರವನ್ನು ನೋಡಿ ಆಕೆ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ನಿಬಂಧನೆಗಳು ಹೊರಟವು. ಪೊಟ್ಟಣಗಳು ಹಿತ್ತಲ ಜಗಲಿಯ ತಗಡಿನ ಪೆಟ್ಟಿಗೆಯಲ್ಲಿರಬೇಕು, ಒಳಕ್ಕೆ ಬರಕೂಡದು. ಅದರ ತಟ್ಟೆ, ಚಮಚ, ತೊಳೆಯುವ ನಾರು ಬೇರೆ. ಬಡಿಸುವವನು ನಾನೇ, ಬೆಳಗ್ಗೆ ಸ್ನಾನಕ್ಕೆ ಮುಂಚೆ, ಸಂಜೆ ಸಂಧ್ಯಾವಂದನೆಗೆ ಮುಂಚೆ. "ಬೆಕ್ಕು ಎಲ್ಲಿ ಬೇಕಾದರೂ ಓಡಾಡಿಕೊಂಡಿರಲಿ, ಅದರ ಊಟ ಮಾತ್ರ ನನ್ನ ಒಲೆಯ ಹತ್ತಿರ ಬರಬಾರದು" ಎಂದಳು. ನ್ಯಾಯವಾದ ಮಾತು. ಹೀಗೆ ಅಗ್ರಹಾರದಲ್ಲಿ ಹುಟ್ಟಿ ಬೆಳೆದ ನಾನು ಐವತ್ತಾರನೆಯ ವಯಸ್ಸಿನಲ್ಲಿ ಮೀನಿನ ಪೊಟ್ಟಣವನ್ನು ಕತ್ತರಿಸುವುದನ್ನು ಕಲಿತೆ.

ನನಗೂ ಇದು ಸುಲಭವಾಗಿರಲಿಲ್ಲವೆಂಬುದನ್ನು ಮುಚ್ಚಿಡಲಾರೆ. ಒಂದು ಪ್ರಾಣಿಯ ಮೇಲಣ ದಯೆಯಿಂದ ಇನ್ನೊಂದು ಪ್ರಾಣಿಯ ವಧೆಗೆ ಹಣ ಕೊಡುವುದು ಯಾವ ಧರ್ಮ? ಬೆಕ್ಕಿಗೆ ಮಾಂಸವು ರುಚಿಗೆ ಮಾತ್ರ ಬೇಕಾದುದೋ, ಪ್ರಾಣಕ್ಕೇ ಬೇಕಾದುದೋ ಎಂಬುದನ್ನು ತಿಳಿಯಬೇಕೆಂದು ಪಶುವೈದ್ಯರನ್ನು ವಿಚಾರಿಸಿದೆ, ದೊರೆತ ಪುಸ್ತಕಗಳನ್ನು ಓದಿದೆ. ತಿಳಿದುಬಂದುದು ಇಷ್ಟು. ಟಾರಿನ್ ಎಂಬ ಒಂದು ವಸ್ತುವುಂಟು. ಮನುಷ್ಯನ ಶರೀರವು ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ಶರೀರಕ್ಕೆ ಬೇಕಾದಷ್ಟನ್ನು ತಯಾರಿಸಿಕೊಳ್ಳುವ ಶಕ್ತಿಯಿಲ್ಲ. ಅದು ಮಾಂಸ ಮೀನುಗಳಲ್ಲಿದೆ. ಅಕ್ಕಿ, ಬೇಳೆ, ಕಾಯಿಪಲ್ಯಗಳಲ್ಲಿ ಇಲ್ಲವೆಂದೇ ಹೇಳಬೇಕು. ಹಾಲಿನ ಸಾರವಾದ ಕೇಸಿನ್ನನ್ನೇ ಮುಖ್ಯವಾಗಿ ತಿನ್ನಿಸಿದ ಬೆಕ್ಕುಗಳಿಗೆ ಟಾರಿನ್ ಸಾಲದೆ ಕಣ್ಣಿನ ಅಕ್ಷಿಪಟವು ಕ್ಷಯಿಸುವುದೆಂದು 1975ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಅದೇ ಕೊರತೆಯಿಂದ ಹೃದಯದ ಸ್ನಾಯು ಸಡಿಲವಾಗಿ ಬೆಕ್ಕುಗಳು ಸಾಯುವುವೆಂಬುದು 1987ರಲ್ಲಿ ಗೊತ್ತಾಯಿತು. ಆ ಮೇಲೆ ಆಹಾರ ತಯಾರಿಸುವವರು ಅದರ ಪ್ರಮಾಣವನ್ನು ಹೆಚ್ಚಿಸಿದರು. ಕ್ಯಾರಟ್ಟು, ಸೊಪ್ಪುಗಳ ಬಣ್ಣದ ಅಂಶದಿಂದ ನಾವು ಎ ಜೀವಸತ್ತ್ವವನ್ನು ಮಾಡಿಕೊಳ್ಳುತ್ತೇವೆ. ಬೆಕ್ಕಿಗೆ ಅದೂ ಅಸಾಧ್ಯ. ಸಿಹಿಯ ರುಚಿಯನ್ನು ತಿಳಿಯುವ ಸಾಮರ್ಥ್ಯವೇ ಬೆಕ್ಕಿನ ನಾಲಗೆಗೆ ಇಲ್ಲವೆಂಬುದಕ್ಕೆ ಕಾರಣವನ್ನು 2005ರಲ್ಲಿ ಕಂಡುಹಿಡಿದರು. ಹಬ್ಬದ ದಿನ ಪ್ರೀತಿಯಿಂದ ಪಾಯಸವಿಟ್ಟರೆ ಅದು ನೆಕ್ಕುವುದು ಹಾಲಿನ ಕೊಬ್ಬಿಗಾಗಿ; ನಮ್ಮ ಸಕ್ಕರೆಯ ಉಪಚಾರ ಅದಕ್ಕೆ ತಲಪುವುದೇ ಇಲ್ಲ.

ಅಂದಮೇಲೆ ಮಾಂಸವು ಬೆಕ್ಕಿನ ದುರಭ್ಯಾಸವಲ್ಲ. ಅದರ ಶರೀರದ ಕಟ್ಟಳೆ. ಇದು ಗೊತ್ತಾದ ಮೇಲೆ ಬಾಲ್ಯದಿಂದ ಕೇಳಿದ ಎರಡು ಕಥೆಗಳು ನನಗೆ ಬೇರೆ ರೀತಿಯಾಗಿ ಕಾಣತೊಡಗಿದವು. ಶಿಬಿ ಚಕ್ರವರ್ತಿಯ ತೊಡೆಯ ಮೇಲೆ ಪಾರಿವಾಳ ಬಂದು ಬಿದ್ದಾಗ, ಬೆನ್ನಟ್ಟಿ ಬಂದ ಗಿಡುಗವು ಇದು ನನಗೆ ವಿಧಿಸಿದ ಆಹಾರ, ಇದನ್ನು ಕಸಿದುಕೊಂಡರೆ ನನ್ನ ಸಂಸಾರ ಸಾಯುತ್ತದೆಂದು ವಾದಿಸುತ್ತದೆ. ಶಿಬಿಯು ಗಿಡುಗಕ್ಕೆ ಹಣ್ಣು ತಿಂದುಕೊಂಡಿರೆಂದು ಉಪದೇಶ ಮಾಡಲಿಲ್ಲ. ಅದರ ಹಸಿವು ನ್ಯಾಯವಾದದ್ದೆಂದು ಒಪ್ಪಿ, ಬೇರೆ ಮಾಂಸವನ್ನು ಕೊಡಿಸುವೆನೆಂದನು. ಅದಕ್ಕೆ ಗಿಡುಗ ಒಪ್ಪದಿರಲು ತನ್ನ ಮೈಯನ್ನೇ ಕೊಯ್ದು ತಕ್ಕಡಿಗೆ ಹಾಕಿದನು. ಇನ್ನು ನಮ್ಮ ಗೋವಿನ ಹಾಡು. ಪುಣ್ಯಕೋಟಿಯ ಸತ್ಯಕ್ಕೆ ಕಣ್ಣೀರಿಡದ ಕನ್ನಡಿಗರಿಲ್ಲ. ಅರ್ಬುತನೆಂಬ ಹುಲಿಯ ಕಡೆಗೆ ತಿರುಗಿ ನೋಡುವವರು ಕಡಮೆ. ಹಸುವನ್ನು ತಿನ್ನಲೊಲ್ಲೆನೆಂದ ಆ ಹುಲಿಯು ಮರುದಿನದಿಂದ ಹುಲ್ಲು ಮೇದು ಸುಖವಾಗಿದ್ದಿತೆಂದು ಹಾಡಿದ ಕವಿ ಹೇಳಲಿಲ್ಲ. ಅದು ಹಾರಿ ಪ್ರಾಣ ಬಿಟ್ಟಿತು. ತನ್ನ ಆಹಾರವನ್ನು ಬಿಟ್ಟ ಹುಲಿಗೆ ಉಳಿಯುವ ದಾರಿ ಅದೊಂದೇ ಎಂಬುದು ಆ ಹಳ್ಳಿಗವಿಗೆ ತಿಳಿದಿತ್ತು. ಬೆಕ್ಕು ಹುಲಿಯ ಕುಲವೇ. ನಮ್ಮ ಪುಣ್ಯಕ್ಕಾಗಿ ಅದಕ್ಕೆ ಅರ್ಬುತನ ಗತಿಯನ್ನು ವಿಧಿಸುವ ಅಧಿಕಾರ ನಮಗೆ ಎಲ್ಲಿಂದ ಬಂತು?

ನಮ್ಮ ಬೀದಿಯಲ್ಲಿಯೇ ಒಬ್ಬ ಸಜ್ಜನರಿದ್ದರು. ಅವರ ಬೆಕ್ಕಿಗೆ ಮೂರು ಹೊತ್ತೂ ಹಾಲನ್ನ, ಮೊಸರನ್ನ. ಹೊರಗೆ ಬಿಡುವ ಪದ್ಧತಿಯಿಲ್ಲ. "ನಮ್ಮದು ಸಾತ್ತ್ವಿಕ ಬೆಕ್ಕು, ಮೇಷ್ಟ್ರೇ" ಎಂದು ಅಭಿಮಾನದಿಂದ ಹೇಳುತ್ತಿದ್ದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಬೆಕ್ಕಿಗೆ ಮಲಗಲು ರೇಷ್ಮೆಯ ಹಾಸಿಗೆಯಿದ್ದಿತು. ಮೂರನೆಯ ವರ್ಷದ ಹೊತ್ತಿಗೆ ಅದು ಸಂಜೆಯಾದರೆ ಕುರ್ಚಿಯ ಕಾಲುಗಳಿಗೆ ಹಾಯತೊಡಗಿತು. ಕಣ್ಣಿನ ಪಾಪೆಗಳು ಹಗಲಿನಲ್ಲಿಯೂ ಅಗಲವಾಗಿರುತ್ತಿದ್ದವು. ವೈದ್ಯರು ಪರೀಕ್ಷಿಸಿ, ಆಹಾರವನ್ನು ಬದಲಾಯಿಸಿದರೆ ಇನ್ನಷ್ಟು ಕೆಡುವುದನ್ನು ತಡೆಯಬಹುದು, ಆಗಲೇ ಹೋದ ದೃಷ್ಟಿಯನ್ನು ತಂದುಕೊಡಲಾಗದು ಎಂದರು. ಆ ಮನೆಯವರ ದುಃಖವನ್ನು ಕಂಡವನಾದುದರಿಂದ ಹೇಳುತ್ತೇನೆ: ಪ್ರೀತಿ ಸಾಲದು, ಯಾರನ್ನು ಪ್ರೀತಿಸುತ್ತೇವೆಂಬುದರ ತಿಳಿವಳಿಕೆಯೂ ಬೇಕು. ಕಾರ್ಖಾನೆಯಲ್ಲಿ ತಯಾರಿಸಿದ ಟಾರಿನ್ನನ್ನು ಬೆರೆಸಿ ಮಾಂಸವಿಲ್ಲದ ಆಹಾರವನ್ನು ಮಾಡುವವರೂ ಈಗ ಇದ್ದಾರೆ. ಅದನ್ನು ಪರೀಕ್ಷಿಸಬೇಕೆನ್ನುವವರು ಪಶುವೈದ್ಯರನ್ನು ಕೇಳಿ, ರಕ್ತಪರೀಕ್ಷೆ ಮಾಡಿಸುತ್ತ ಮಾಡಬೇಕೇ ಹೊರತು ಮನೆಯ ಮೊಸರನ್ನವನ್ನೂ ಅದನ್ನೂ ಒಂದೇ ಎಂದು ತಿಳಿಯಕೂಡದು.

ಸೋಮನು ಬಂದ ಎರಡನೆಯ ವರ್ಷ, ಚಳಿಗಾಲದ ಒಂದು ದಿನ. ನಾನು ಜಗಲಿಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಮನೆಯಾಕೆ ಬಂದು, "ಇಲ್ಲಿ ನೋಡಿ, ಬೆಳಗ್ಗೆಯಿಂದ ಸೋಮ ಐದು ಸಲ ಮರಳಿಗೆ ಹೋದ. ಕೂತು ಕೂತು ಎದ್ದು ಬರುತ್ತಾನೆ. ಮರಳು ಒಣಗಿಯೇ ಇದೆ" ಎಂದಳು. ಬೆಕ್ಕನ್ನು ಆಕೆ ಅದುವರೆಗೆ ಕೈಯಿಂದ ಮುಟ್ಟಿದವಳಲ್ಲ. ಆದರೆ ಹಾಲು ಉಕ್ಕುವ ಮೊದಲೇ ಇನ್ನೊಂದು ಕೋಣೆಯಿಂದ ತಿಳಿಯುವ ಗೃಹಿಣಿಯ ಕಣ್ಣು. ಅದಕ್ಕೆ ಯಾವುದು ತಪ್ಪಿಸಿಕೊಂಡೀತು? ಹೋಗಿ ನೋಡಿದೆ. ಸೋಮನು ಬೆನ್ನು ಗೂನು ಮಾಡಿಕೊಂಡು ಮುಕ್ಕುತ್ತಿದ್ದನು. ಹೊಟ್ಟೆಯ ಕೆಳಭಾಗ ಗಟ್ಟಿಯಾಗಿದ್ದಿತು. ಮುಟ್ಟಿದರೆ ಎಂದೂ ಕೇಳದ ಒಂದು ದೀನ ಸ್ವರ.

ಬುಟ್ಟಿಯಲ್ಲಿ ಕೂರಿಸಿಕೊಂಡು ಆಗಲೇ ಆಟೋ ಹಿಡಿದು ವೈದ್ಯರಲ್ಲಿಗೆ ಹೋದೆವು. ಗಂಡುಬೆಕ್ಕುಗಳ ಮೂತ್ರನಾಳ ಬಹಳ ಕಿರಿದು; ಸಣ್ಣ ಹರಳುಗಳೋ ಲೋಳೆಯೋ ಅಡ್ಡವಾದರೆ ಮೂತ್ರ ಪೂರ್ತಿಯಾಗಿ ಕಟ್ಟಿಹೋಗುತ್ತದೆ. ಕಟ್ಟಿದ ವಿಷ ರಕ್ತಕ್ಕೆ ಏರುತ್ತದೆ, ಪೊಟ್ಯಾಸಿಯಂ ಹೆಚ್ಚಿ ಹೃದಯದ ಬಡಿತ ಕೆಡುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಎರಡು ಮೂರು ದಿನಗಳಲ್ಲಿ ಪ್ರಾಣವೇ ಹೋಗುತ್ತದೆ. ವೈದ್ಯರು ಮತ್ತು ಬರಿಸಿ ಸಣ್ಣ ನಳಿಕೆಯನ್ನು ಹಾಕಿ ಮೂತ್ರವನ್ನು ತೆಗೆದರು, ಡ್ರಿಪ್ ಕೊಟ್ಟರು, ಎರಡು ರಾತ್ರಿ ಅಲ್ಲಿಯೇ ಇರಿಸಿಕೊಂಡರು. "ಮಲಬದ್ಧತೆ ಎಂದು ತಿಳಿದು ಎಷ್ಟೋ ಜನ ಎರಡು ದಿನ ಕಾಯುತ್ತಾರೆ. ನೀವು ಅದೇ ದಿನ ತಂದಿರಿ, ಅದಕ್ಕೇ ಉಳಿದ" ಎಂದರು. ಮನೆಯಾಕೆ ಆ ಎರಡು ಸಂಜೆಯೂ ನನ್ನೊಡನೆ ಬಂದು ಪಂಜರದ ಹೊರಗೆ ನಿಂತು ನೋಡಿ ಬಂದಳು.

ಮನೆಗೆ ಕಳುಹಿಸುವಾಗ ವೈದ್ಯರು ಹೇಳಿದ್ದರಲ್ಲಿ ನಮ್ಮ ಪರೀಕ್ಷೆ ಇದ್ದಿತು. ಒಣ ಆಹಾರವನ್ನು ಕಡಮೆಮಾಡಬೇಕು. ನೀರಿನ ಅಂಶ ಹೆಚ್ಚಾಗಿರುವ ಹಸಿಯ ಆಹಾರವನ್ನೇ, ಎಂದರೆ ನೀರಿನಲ್ಲಿ ನೆನೆದಂತಿರುವ ಮೀನು ಕೋಳಿಗಳ ಪೊಟ್ಟಣವನ್ನು, ಸ್ವಲ್ಪ ಬೆಚ್ಚಗೆ ಮಾಡಿ ದಿನಕ್ಕೆ ಮೂರು ನಾಲ್ಕು ಸಲ ಕೊಡಬೇಕು. ಒಣ ಕಾಳಿನ ವಾಸನೆ ಜಗಲಿಯಲ್ಲಿ ಅಡಗುತ್ತಿತ್ತು. ಇದರ ವಾಸನೆ ಅಡಗುವಂಥದಲ್ಲ. ಮತ್ತೆ ನಾನು ಶಾಲೆಗೆ ಹೋದ ಮೇಲೆ ಮಧ್ಯಾಹ್ನದ ಹೊತ್ತಿನದನ್ನು ಇಡುವವರು ಯಾರು? ಸೋಮನನ್ನು ಯಾರಾದರೂ ಮಾಂಸಾಹಾರಿಗಳ ಮನೆಗೆ ಕೊಟ್ಟುಬಿಡೋಣವೆಂದು ನಾನೇ ಮಾತು ತೆಗೆದೆ. ಮನೆಯಾಕೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ಒಳಗೆ ಕರೆದುಕೊಂಡ ಮೇಲೆ ಅದಕ್ಕೆ ಬೇಕಾದ್ದನ್ನು ಕೊಡಬೇಕು. ಕೊಡಲಾರೆವು ಅಂದರೆ ಕೊಡುವವರ ಮನೆಗೆ ಕಳಿಸಬೇಕು. ಇಟ್ಟುಕೊಂಡು ಕೊಡದೆ ಇರುವುದು ಮಾತ್ರ ಆಗದು. ನಾಳೆಯಿಂದ ಮಧ್ಯಾಹ್ನದ್ದು ನಾನು ಇಡುತ್ತೇನೆ. ಆಮೇಲೆ ಸ್ನಾನ ಮಾಡಿದರಾಯಿತು."

ಅಂದಿನಿಂದ ಇಂದಿನವರೆಗೂ ಹಾಗೆಯೇ ನಡೆದಿದೆ. ನಾನು ನಿವೃತ್ತನಾದ ಮೇಲೂ ಮಧ್ಯಾಹ್ನದ ಸೇವೆಯನ್ನು ಆಕೆ ಬಿಟ್ಟುಕೊಡಲಿಲ್ಲ. ಬಿಸಿನೀರಿನ ಬಟ್ಟಲಲ್ಲಿ ಪೊಟ್ಟಣವನ್ನು ಇಟ್ಟು ಬೆಚ್ಚಗೆ ಮಾಡುವುದು, ಸೆರಗನ್ನು ಮೂಗಿಗೆ ಹಿಡಿದುಕೊಂಡು ತಟ್ಟೆಗೆ ಸುರಿಯುವುದು, ಬಳಿಕ ಎರಡನೆಯ ಸ್ನಾನ. ಆಕೆಯ ಮಡಿ ಒಂದಿಷ್ಟೂ ಸಡಿಲವಾಗಿಲ್ಲ. ಕೆಲಸ ಮಾತ್ರ ಒಂದು ಹೆಚ್ಚಾಗಿದೆ. ಇದರಲ್ಲಿ ಪಾಪವೇ ಇಲ್ಲವೆಂದು ನಾನು ಸಾಧಿಸಲಾರೆ. ಪೊಟ್ಟಣಗಳಲ್ಲಿರುವುದು ಬಹುಮಟ್ಟಿಗೆ ಮನುಷ್ಯರ ಊಟಕ್ಕಾಗಿ ಕೊಯ್ದ ಪ್ರಾಣಿಗಳಲ್ಲಿ ಮನುಷ್ಯರು ತಿನ್ನದೆ ಬಿಟ್ಟ ಭಾಗವೆಂದು ಹೇಳಿ ಸಮಾಧಾನಪಡಿಸಿಕೊಳ್ಳಬಹುದು. ಆ ಸಮಾಧಾನ ಪೂರ್ಣವಾದುದಲ್ಲ. ಎರಡು ಧರ್ಮಗಳು ಎದುರಾದಾಗ ಒಂದನ್ನು ನಡೆಸಿ ಇನ್ನೊಂದರ ನೋವನ್ನು ಹೊತ್ತುಕೊಳ್ಳುವುದೇ ಗೃಹಸ್ಥನ ಪಾಡು. ಈ ನೋವು ಬೇಡವೆನ್ನುವವರಿಗೆ ದಾರಿಯುಂಟು: ಹಸುವನ್ನು ಸಾಕಲಿ, ಮೊಲವನ್ನು ಸಾಕಲಿ. ಅವುಗಳ ಊಟ ನಮ್ಮ ಊಟಕ್ಕೆ ಹೊಂದುತ್ತದೆ.

ಸಾಕಿದವರಿಗೆ ಉಪಯೋಗವಾಗಬಹುದಾದ ಇನ್ನು ಕೆಲವು ಸಂಗತಿಗಳನ್ನು ಹೇಳುತ್ತೇನೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಬಿಸಿ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡು ಹಾಲನ್ನು ಕಂಡರೆ ಓಡಿದ ತೆನಾಲಿ ರಾಮಕೃಷ್ಣನ ಬೆಕ್ಕನ್ನು ಕಂಡು ನಾವು ನಗುತ್ತೇವೆ. ಹಾಲಿಲ್ಲದೆ ಇರುವುದರಿಂದ ಬೆಕ್ಕಿಗೆ ನಷ್ಟವೇನೂ ಇಲ್ಲ. ಶುದ್ಧವಾದ ನೀರನ್ನು ಅಗಲವಾದ ಬಟ್ಟಲುಗಳಲ್ಲಿ ಎರಡು ಮೂರು ಕಡೆ ಇಡುವುದು ಒಳ್ಳೆಯದು. ಈರುಳ್ಳಿ ಬೆಳ್ಳುಳ್ಳಿಗಳು ಹಸಿಯಾಗಿರಲಿ ಬೆಂದಿರಲಿ, ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಆದಕಾರಣ ಹುಳಿ ಸಾರು ಕಲಸಿದ ಅನ್ನವನ್ನು ಹಾಕಬಾರದು. ಲಿಲ್ಲಿ ಹೂವಿನ ಗಿಡ ಬೆಕ್ಕಿರುವ ಮನೆಯಲ್ಲಿ ಇರಕೂಡದು. ಅದರ ಎಲೆ, ಹೂವು, ಪರಾಗ ಯಾವುದು ಹೊಟ್ಟೆಗೆ ಹೋದರೂ ಮೂತ್ರಪಿಂಡಗಳು ಕೆಡುತ್ತವೆ.

ಔಷಧದ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಮೈ ಬಿಸಿಯಾಗಿದೆಯೆಂದು ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್ ಗುಳಿಗೆಯ ಒಂದು ಚೂರನ್ನೂ ಬೆಕ್ಕಿಗೆ ಕೊಡಬಾರದು. ಅದನ್ನು ಕರಗಿಸುವ ಶಕ್ತಿ ಅದರ ಯಕೃತ್ತಿಗಿಲ್ಲ, ಒಂದೇ ಗುಳಿಗೆ ಪ್ರಾಣ ತೆಗೆಯಬಲ್ಲುದು. ಬೆಕ್ಕಿನ ಸಹಜವಾದ ಶಾಖವೇ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ನಮ್ಮ ಕೈಗೆ ಬೆಚ್ಚಗೆ ತೋರುವುದೆಲ್ಲ ಜ್ವರವಲ್ಲ. ನಾಯಿಯ ಚಿಗಟಕ್ಕೆ ಹಾಕುವ ಪರ್ಮೆಥ್ರಿನ್ ಇರುವ ಔಷಧವೂ ಬೆಕ್ಕಿಗೆ ವಿಷ. ಬೆಕ್ಕು ಎರಡು ದಿನ ಏನನ್ನೂ ತಿನ್ನದಿದ್ದರೆ ಏಕಾದಶಿ ಮಾಡುತ್ತಿದೆಯೆಂದು ಬಿಡಬಾರದು. ಉಪವಾಸದಿಂದ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ದೊಡ್ಡ ಕಾಯಿಲೆಯಾಗುತ್ತದೆ. ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುವುದು ಬೆಕ್ಕಿನ ಸ್ವಭಾವ. ಮೂಲೆಯಲ್ಲಿ ಅಡಗುವುದು, ಮೈ ನೆಕ್ಕಿಕೊಳ್ಳುವುದನ್ನು ಬಿಡುವುದು, ಹತ್ತುತ್ತಿದ್ದ ಎತ್ತರಕ್ಕೆ ಹತ್ತದಿರುವುದು, ಇವೇ ಅದರ ಮಾತು.

ಮರಿಗೆ ಆರರಿಂದ ಎಂಟು ವಾರಗಳಾದಾಗ ಲಸಿಕೆಗಳನ್ನು ಆರಂಭಿಸಿ, ಹದಿನಾರನೆಯ ವಾರದವರೆಗೆ ವೈದ್ಯರು ಹೇಳಿದಂತೆ ಹಾಕಿಸಬೇಕು; ರೇಬೀಸಿನ ಲಸಿಕೆಯನ್ನು ತಪ್ಪಿಸಲೇಬಾರದು. ಹೊರಗಿನ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗುವುದು. ಮರಿಗಳನ್ನು ಸಾಕಲಾರದವರು ಸಂತಾನಹರಣ ಚಿಕಿತ್ಸೆಯನ್ನು ಕಾಲಕ್ಕೆ ಸರಿಯಾಗಿ ಮಾಡಿಸಬೇಕು. ಚೀಲದಲ್ಲಿ ಕಟ್ಟಿ ಮಾರುಕಟ್ಟೆಯ ಹತ್ತಿರ ಬಿಟ್ಟುಬರುವುದಕ್ಕಿಂತ ಅದು ಎಷ್ಟೋ ದಯೆಯ ಕೆಲಸ. ಮರಳನ್ನು ದಿನವೂ ಶುಚಿಮಾಡಬೇಕು. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಆ ಕೆಲಸವನ್ನು ಬೇರೆಯವರು ಮಾಡತಕ್ಕದ್ದು; ಬೆಕ್ಕಿನ ಮಲದಲ್ಲಿ ಕೆಲವೊಮ್ಮೆ ಇರುವ ಒಂದು ಸೂಕ್ಷ್ಮಜೀವಿ ಗರ್ಭದ ಶಿಶುವಿಗೆ ತೊಂದರೆ ಮಾಡಬಲ್ಲುದು. ಇದಕ್ಕಾಗಿ ಬೆಕ್ಕನ್ನೇ ಹೊರಗಟ್ಟಬೇಕಾದುದಿಲ್ಲ.

ಶ್ರೀವೈಷ್ಣವ ಆಚಾರ್ಯರು ಶರಣಾಗತಿಯನ್ನು ವಿವರಿಸುವಾಗ ಎರಡು ದೃಷ್ಟಾಂತಗಳನ್ನು ಕೊಡುತ್ತಾರೆ. ಕೋತಿಯ ಮರಿ ತಾನೇ ತಾಯಿಯ ಹೊಟ್ಟೆಯನ್ನು ಹಿಡಿದುಕೊಂಡಿರುತ್ತದೆ, ಇದು ಮರ್ಕಟನ್ಯಾಯ. ಬೆಕ್ಕಿನ ಮರಿ ಏನನ್ನೂ ಮಾಡುವುದಿಲ್ಲ, ತಾಯಿಯೇ ಅದನ್ನು ಬಾಯಲ್ಲಿ ಕಚ್ಚಿ ಒಯ್ಯುತ್ತದೆ, ಇದು ಮಾರ್ಜಾರನ್ಯಾಯ. ವಡಗಲೈ ತೆಂಗಲೈ ಪಂಗಡಗಳವರು ಈ ಎರಡರಲ್ಲಿ ಯಾವುದು ಮೇಲೆಂದು ಬಹಳ ಕಾಲ ವಾದ ನಡೆಸಿದ್ದಾರೆ. ಆ ವಾದದಲ್ಲಿ ತಲೆಹಾಕುವ ಯೋಗ್ಯತೆ ನನಗಿಲ್ಲ. ಬಾಗಿಲು ಹಾಕಿದ ಇಂದಿನ ಮನೆಯಲ್ಲಿ ಬೆಳೆದ ಬೆಕ್ಕೂ ಮರಿಯೇ. ಬೇಟೆಯ ಉಗುರುಗಳಿದ್ದರೂ ಬೇಟೆಯಿಲ್ಲ, ಅದರ ಪ್ರಾಣವೆಲ್ಲ ನಮ್ಮ ಹಿಡಿತದಲ್ಲಿ. ತಾಯಿಬೆಕ್ಕಿನ ಹಲ್ಲು ಎಷ್ಟು ಹರಿತವಾದರೂ ಮರಿಯ ಕೊರಳಿಗೆ ನಾಟುವುದಿಲ್ಲ; ಎಷ್ಟು ಮೆತ್ತಗೆ ಹಿಡಿದರೂ ಮರಿ ಜಾರಿ ಬೀಳುವುದಿಲ್ಲ. ಬೆಕ್ಕನ್ನು ತರಬೇಕೆಂದು ಮಕ್ಕಳು ಹಟ ಹಿಡಿದ ದಿನ ತಂದೆತಾಯಿಗಳು ಅಂಥ ಹಿಡಿತ ತಮಗೆ ಸಾಧ್ಯವೆ ಎಂದು ಮೊದಲು ಕೇಳಿಕೊಳ್ಳಲಿ. ಸಾಧ್ಯವೆಂದು ತೋರಿದರೆ ಧಾರಾಳವಾಗಿ ತರಲಿ, ಅದರ ಊಟವನ್ನು ಅದಕ್ಕೆ ಕೊಡಲಿ, ತಮ್ಮ ಊಟವನ್ನು ತಾವು ಮಾಡಲಿ. ಒಂದೇ ಸೂರಿನ ಕೆಳಗೆ ಎರಡು ಬಗೆಯ ಎಲೆಗಳನ್ನು ಹಾಕಿದ ಮಾತ್ರಕ್ಕೆ ಮನೆಯ ಮಡಿ ಕೆಡುವುದಿಲ್ಲವೆಂದು ಮಡಿವಂತಳಾದ ನನ್ನ ಮನೆಯಾಕೆಯೇ ಹೇಳುತ್ತಾಳೆ. ಅದಕ್ಕಿಂತ ದೊಡ್ಡ ಪ್ರಮಾಣ ನಮ್ಮ ಮನೆಯಲ್ಲಿ ಬೇರೊಂದಿಲ್ಲ.